ಹನ್ನೆರಡನೇ ಕಂಬದಾಚೆ ಒಂದು ಬೀಪ್

ಚುಕ್ಕಿ ಎಂಬ ನಾಯಿ ಹತ್ತನೇ ಕಂಬದವರೆಗೆ ಲಯ ತಪ್ಪದೆ ಬರುತ್ತಿದ್ದಳು. ಅಲ್ಲಿಗೆ ಬಂದ ಕೂಡಲೇ ತಲೆ ಎಡಕ್ಕೆ ಹೊರಳುತ್ತಿತ್ತು. ಎಡಗಡೆ ಜೊತೆಗೇ ಓಡುತ್ತಿದ್ದ ಹುಡುಗನ ಸೊಂಟದ ಚೀಲದಲ್ಲಿ ಲಿವರ್ ತುಂಡುಗಳಿದ್ದವು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವೀವ್ ಪೋಲ್ಸ್‌ನಲ್ಲಿ, ಅಂದರೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನುಸುಳುತ್ತಾ ಓಡಬೇಕಾದ ಈ ಕಂಬಗಳ ಸಾಲಿನಲ್ಲಿ, ನಾಯಿ ಮೊದಲ ಕಂಬವನ್ನು ತನ್ನ ಎಡಭುಜಕ್ಕೆ ಇಟ್ಟುಕೊಂಡು ಒಳಗೆ ಬರಬೇಕು. ಆ ಲೆಕ್ಕದಲ್ಲಿ ಹತ್ತನೇ ಕಂಬ ದಾಟುವಾಗ ಅದು ಸಾಲಿನ ಎಡಗಡೆ ಇರುತ್ತದೆ, ಹನ್ನೊಂದಕ್ಕೆ ಮತ್ತೆ ಬಲಕ್ಕೆ ನುಸುಳಬೇಕು. ಚುಕ್ಕಿ ನುಸುಳುತ್ತಿರಲಿಲ್ಲ. ಎಡದಲ್ಲೇ ಉಳಿದು ಹುಡುಗನ ಮೊಣಕಾಲಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಕೊನೆಯ ಎರಡು ಕಂಬ ಪ್ರತಿಸಲ ತಪ್ಪಿಹೋಗುತ್ತಿತ್ತು.

ಇದನ್ನು ಹಟ ಅಂತಲೋ ಮರೆವು ಅಂತಲೋ ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಿಂಡಿ ಎಲ್ಲಿಂದ ಬರುತ್ತದೋ ನಾಯಿಯ ಕಣ್ಣು ಅಲ್ಲಿರುತ್ತದೆ, ಕಣ್ಣು ಹೋದ ಕಡೆಗೆ ಮೈ ಹೋಗುತ್ತದೆ. ಕೈಯಿಂದ ಕೊಟ್ಟಷ್ಟೂ ನಾಯಿ ಕೈಯನ್ನೇ ನೋಡುವುದನ್ನು ಕಲಿಯುತ್ತದೆ. ಅಜಿಲಿಟಿಯಲ್ಲಿ, ಅಂದರೆ ಓಡಿಸುವವರ ಸೂಚನೆಯಂತೆ ನಾಯಿ ಒಂದೊಂದೇ ಅಡೆತಡೆ ದಾಟುತ್ತಾ ಓಡುವ ಆಟದಲ್ಲಿ, ಅದು ಮುಂದಿನ ಅಡೆತಡೆಯನ್ನು ನೋಡಬೇಕು. ಅದಕ್ಕೇ ಆ ಬೆಳಿಗ್ಗೆ ಚೀಲ ತೆಗೆದಿಟ್ಟು, ತಿಂಡಿ ಉದುರಿಸುವ ಮಷಿನನ್ನು ಕೊನೆಯ ಕಂಬದಿಂದ 4 ಮೀಟರ್ ಆಚೆ, ಕಂಬಗಳ ಸಾಲಿಗೆ ನೇರವಾಗಿ ಇಟ್ಟೆವು. ಒಂದಡಿ ಪಕ್ಕಕ್ಕೆ ಇಟ್ಟರೂ ನಾಯಿ ಕೊನೆಯ ಎರಡು ಕಂಬಗಳಲ್ಲಿ ಆ ಪಕ್ಕಕ್ಕೆ ವಾಲಲು ಶುರುಮಾಡುತ್ತದೆ. ಹನ್ನೆರಡು ಕಂಬ, ನಡುವೆ 60 ಸೆಂಟಿಮೀಟರ್, ಅಂದರೆ ಸಾಲಿನ ಉದ್ದ 6.6 ಮೀಟರ್. ಮೊದಲ ಕಂಬದ ಹಿಂದೆ ಮಂಡಿಯೂರಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ, ಮಷಿನಿನ ಬಟ್ಟಲು ಕಂಬಗಳ ಹಿಂದೆ ಸರಿಯಾಗಿ ಮರೆಯಾಗಬೇಕು.

ಮಷಿನ್ ಎಂದರೆ ರಿಮೋಟ್ ಒತ್ತಿದರೆ ಬೀಪ್ ಎಂದು ಸದ್ದು ಮಾಡಿ ಟ್ರೀಟ್ ಉದುರಿಸುವ ಡಬ್ಬಿ. ಒಳಗೆ ತೂತುಗಳಿರುವ ಒಂದು ತಟ್ಟೆ ತಿರುಗುತ್ತದೆ, ತೂತಿಗೆ ಸಿಕ್ಕ ಕಾಳು ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಇದು ಅಜಿಲಿಟಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಪಶುವೈದ್ಯೆ ಸೋಫಿಯಾ ಯಿನ್ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಮಷಿನನ್ನು ಬಳಸಿದ್ದು, ಮನೆಗೆ ಯಾರಾದರೂ ಬಂದಾಗ ಬೊಗಳಿ ಮೇಲೆ ಹಾರುವ ನಾಯಿಗಳಿಗೆ ಚಾಪೆಯ ಮೇಲೆ ಮಲಗುವುದನ್ನು ಕಲಿಸಲು. ಜನರಿಂದ ದೂರ ಒಂದು ಜಾಗದಲ್ಲಿ ಬಹುಮಾನ ಸಿಗುತ್ತದೆ ಎನ್ನುವ ಅದೇ ಗುಣ ಅಜಿಲಿಟಿಯವರಿಗೂ ಬೇಕಾಗಿತ್ತು.

ಮೈದಾನಕ್ಕೆ ತರುವ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸ ಇದೆ. ಮೋಟರಿನ ಗರಗರ ಸದ್ದಿಗೆ ಬೆದರುವ ನಾಯಿಗಳು ಬಹಳ. ಮೊದಲು ಮಷಿನ್ ಆಫ್ ಇರುವಾಗಲೇ ಬಟ್ಟಲಲ್ಲಿ ನಾಲ್ಕು ಕಾಳು ಹಾಕಿ ತಿನ್ನಿಸಬೇಕು. ಆಮೇಲೆ ನಾಯಿ ಕೋಣೆಯ ಇನ್ನೊಂದು ತುದಿಯಲ್ಲಿರುವಾಗ ಬಟನ್ ಒತ್ತಿ, ಸದ್ದು ನಿಂತ ಮೇಲೆ ತಾನಾಗಿ ಬಂದು ತಿನ್ನಲು ಬಿಡಬೇಕು. ಕರೆಯಬಾರದು, ದೂಡಬಾರದು. ಒಂದು ಸಲಕ್ಕೆ ಹತ್ತು ಹದಿನೈದು ಬಾರಿ ಒತ್ತಿದರೆ ಸಾಕು. ಬೀಪ್ ಕೇಳಿದೊಡನೆ ನಾಯಿ ಎಲ್ಲಿದ್ದರೂ ಬಟ್ಟಲಿನತ್ತ ತಿರುಗಿತು ಎಂದರೆ ಬೀಪ್‌ಗೆ ಅರ್ಥ ಬಂದಿದೆ. ಈ ಅರ್ಥ ಇಲ್ಲದೆ ಮಷಿನ್ ಉಪಯೋಗಕ್ಕಿಲ್ಲ. ಬಟನ್ ಒತ್ತಿದ ಮೇಲೆ ಕಾಳು ಬೀಳಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ, ಬೀಪ್ ಮಾತ್ರ ತಕ್ಷಣ ಬರುತ್ತದೆ. ನಾಯಿಗೆ 'ಈಗ ಮಾಡಿದ್ದು ಸರಿ' ಎಂದು ಹೇಳುವುದು ಬೀಪ್. ಕಾಳು ಬರುವುದು ಆ ಮಾತಿಗೆ ಬೆಲೆ ಉಳಿಸಲು.

ಅದರ ಹಿಂದೆಯೇ ಇನ್ನೊಂದು ಪಾಠ ಬೇಕು: ಮಷಿನನ್ನು ದಿಟ್ಟಿಸಿ ಕೂತರೆ ಏನೂ ಬೀಳುವುದಿಲ್ಲ. ನಾಯಿ ಮಷಿನಿನ ಮುಂದೆ ಕಾಯಲಿ, ಬೊಗಳಲಿ, ಪಂಜದಿಂದ ಕೆರೆಯಲಿ, ಸುಮ್ಮನಿರಬೇಕು. ತಿರುಗಿ ನಮ್ಮನ್ನು ನೋಡಿದ ಕ್ಷಣ 'ಕೂತ್ಕೋ' ಎನ್ನಬೇಕು, ಕೂತ ತಕ್ಷಣ ಬೀಪ್. ದಾರಿ ನಮ್ಮ ಮೂಲಕ ಎಂದು ಗೊತ್ತಾದ ನಾಯಿಯನ್ನಷ್ಟೇ ಮೈದಾನದಲ್ಲಿ ಮಷಿನಿನ ಮುಂದೆ ಬಿಡಬಹುದು. ಈ ಹಂತ ಹಾರಿಸಿದವರ ನಾಯಿ ಜಂಪ್, ಟನಲ್ ಎಲ್ಲ ಬಿಟ್ಟು ನೆಟ್ಟಗೆ ಡಬ್ಬಿಗೇ ಓಡುತ್ತದೆ.

ಆ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಹೊರವಲಯದ ಆ ಮೈದಾನದಲ್ಲಿ ಹುಲ್ಲು ಇನ್ನೂ ಒದ್ದೆ. ರಾತ್ರಿ ಮಳೆ ಬಂದಿತ್ತು. ಮೊದಲು ಕಂಬಗಳ ಬುಡದ ಕಬ್ಬಿಣದ ಪಟ್ಟಿಯ ಪಕ್ಕ ಅಂಗಾಲಿನಿಂದ ಒತ್ತಿ ನೋಡಿದೆವು, ಜಾರುತ್ತಿರಲಿಲ್ಲ. ರಿಮೋಟಿನ ವ್ಯಾಪ್ತಿ ನೋಡಲು ಹುಡುಗ ಸಾಲಿನ ಆರಂಭಕ್ಕೆ ಹೋಗಿ, ಮಷಿನಿಗೆ ಬೆನ್ನು ಹಾಕಿ, ರಿಮೋಟನ್ನು ಹೊಟ್ಟೆಯ ಹತ್ತಿರ ಹಿಡಿದು ಒತ್ತಿದ. ಬಯಲಿನಲ್ಲಿ ಕೈಚಾಚಿ ಒತ್ತಿದರೆ 30 ಮೀಟರ್ ತಲುಪುವ ರಿಮೋಟ್, ನಡುವೆ ಮನುಷ್ಯನ ಮೈಯೋ ಕಬ್ಬಿಣದ ಎ-ಫ್ರೇಮೋ (ನಾಯಿ ಹತ್ತಿ ಇಳಿಯುವ ಎ ಆಕಾರದ ಅಡೆತಡೆ) ಬಂದರೆ ಅಷ್ಟು ತಲುಪುವುದಿಲ್ಲ. ನಾಯಿ ಸರಿಯಾಗಿ ಮಾಡಿದಾಗ ಬೀಪ್ ಬಾರದೆ ಹೋದರೆ ಅದು ನಾಯಿಗೆ 'ತಪ್ಪು' ಎಂದು ಹೇಳಿದ ಹಾಗೆ. ಆದ್ದರಿಂದ ಈ ಪರೀಕ್ಷೆ ನಾಯಿ ಇನ್ನೂ ಕಾರಿನಲ್ಲಿರುವಾಗಲೇ ಮುಗಿಯಬೇಕು.

ಮೊದಲು ಕೊನೆಯ ನಾಲ್ಕು ಕಂಬ ಮಾತ್ರ. ಮಷಿನ್ ಅದೇ ಜಾಗದಲ್ಲಿ. ನಾಲ್ಕು ಚೆನ್ನಾಗಿ ಬಂದ ಮೇಲೆ ಆರು, ಆಮೇಲೆ ಹನ್ನೆರಡು. ಹಿಂದಿನಿಂದ ಕಟ್ಟುತ್ತಾ ಬಂದರೆ ನಾಯಿ ಪ್ರತಿಸಲವೂ ತನಗೆ ಗೊತ್ತಿರುವ ಕಡೆಗೇ ಓಡುತ್ತದೆ, ಕೊನೆಯ ಕಂಬಗಳೇ ಅದರ ಅತಿ ಗಟ್ಟಿಯಾದ ಭಾಗವಾಗುತ್ತವೆ.

ಇಲ್ಲಿ ಬಟನ್ ಒತ್ತುವ ಹೊತ್ತೇ ಮುಖ್ಯ. ಚುರುಕಾದ ನಾಯಿ ಹನ್ನೆರಡು ಕಂಬವನ್ನು ಸುಮಾರು 3 ಸೆಕೆಂಡಿನಲ್ಲಿ ಮುಗಿಸುತ್ತದೆ. ಒಂದು ಕಂಬಕ್ಕೆ ಕಾಲು ಸೆಕೆಂಡ್. ಕಣ್ಣು ನೋಡಿ ಬೆರಳು ಒತ್ತಲು ನಮಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಹುಡುಗ ಖುಷಿಯಲ್ಲಿ ಬೇಗ ಒತ್ತಿದಾಗ ಬೀಪ್ ಹನ್ನೊಂದನೇ ಕಂಬದಲ್ಲೇ ಬಂತು, ಚುಕ್ಕಿ ಹನ್ನೆರಡನ್ನು ಬಿಟ್ಟು ನೇರ ಬಟ್ಟಲಿಗೆ ಹೋದಳು. ಅವಳ ಲೆಕ್ಕ ಸರಿಯೇ ಇತ್ತು, ಬೀಪ್ ಬಂದರೆ ಕೆಲಸ ಮುಗಿಯಿತು ಎಂದರ್ಥ. ಕೊನೆಯ ಕಂಬದ ಆಚೆ ನಾಯಿಯ ಸೊಂಟ ಕಂಡ ಮೇಲೆ ಒತ್ತಬೇಕು, ತಡವಾದರೂ ನಷ್ಟವಿಲ್ಲ. ಅನುಮಾನವಿದ್ದರೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದು ನೋಡಿ, ನಾವು ಅಂದುಕೊಂಡ ಜಾಗಕ್ಕೂ ಬೀಪ್ ಬಂದ ಜಾಗಕ್ಕೂ ಎಷ್ಟು ಅಂತರ ಇದೆ ಎಂದು ಕಾಣುತ್ತದೆ.

ವಿಡಿಯೋದಲ್ಲಿ ಇನ್ನೊಂದೂ ಸಿಗುತ್ತದೆ. ಬಟನ್ ಒತ್ತುವಾಗ ಹೆಚ್ಚಿನವರ ಕಾಲು ನಿಧಾನವಾಗುತ್ತದೆ, ಮೊಣಕೈ ಕೆಳಗಿಳಿಯುತ್ತದೆ. ನಾಲ್ಕು ಸಲ ಹೀಗಾದರೆ ನಾಯಿ ಬೀಪ್‌ಗೆ ಕಾಯುವುದಿಲ್ಲ, ಮೊಣಕೈಗೆ ಕಾಯುತ್ತದೆ. ರಿಮೋಟನ್ನು ನಾಯಿ ಇಲ್ಲದ ಕಡೆಯ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಮೊದಲಿನಿಂದಲೂ ಬಟನ್ನಿನ ಮೇಲೇ ಇಟ್ಟು, ಓಟ ನಿಲ್ಲಿಸದೆ ಒತ್ತುವುದನ್ನು ನಾಯಿ ಇಲ್ಲದೆಯೇ ಅಭ್ಯಾಸ ಮಾಡಬೇಕು.

ಆರು ಕಂಬಕ್ಕೆ ಬಂದಾಗ ಮಷಿನ್ ಕೈಕೊಟ್ಟಿತು. "ಅಕ್ಕಾ, ಬೀಪ್ ಬರ್ತಿದೆ, ಒಳಗೆ ಕಟಕಟ ಅಂತಿದೆ, ಒಂದು ಕಾಳೂ ಬೀಳ್ತಿಲ್ಲ." ಮುಚ್ಚಳ ತೆಗೆದರೆ ತಟ್ಟೆಯ ಎರಡು ತೂತುಗಳಲ್ಲಿ ಲಿವರ್ ಚೂರು ಅಂಟಿ ಕೂತಿತ್ತು, ಸುತ್ತ ಕಿಬಲ್‌ನ (ಕಾಳಿನಂಥ ಒಣ ನಾಯಿ ಆಹಾರದ) ಪುಡಿ ಒದ್ದೆ ಹಿಟ್ಟಿನಂತೆ ಮೆತ್ತಿತ್ತು. ಮಳೆಗಾಲದ ಗಾಳಿಯಲ್ಲಿ ಇದು ಸಾಮಾನ್ಯ. ಒಣ ಬಟ್ಟೆಯಿಂದ ಒರೆಸಿ, ಬರೀ ಕಿಬಲ್ ತುಂಬಿದೆವು. ಅಷ್ಟರಲ್ಲಿ ಅವಳಿಗೆ ಬೀಪ್‌ನ ಸಾಲ ಉಳಿಯಬಾರದೆಂದು ಹುಡುಗ ಬಟ್ಟಲಿಗೇ ಕೈಯಿಂದ ಎರಡು ಕಾಳು ಹಾಕಿದ. ಮಷಿನ್ ತಪ್ಪಿದರೆ ಹೀಗೇ ಮಾಡಬೇಕು: ಬಟ್ಟಲ ಹತ್ತಿರ ಓಡಿಹೋಗಿ ಅಲ್ಲೇ ಕೊಡಬೇಕು, ನಾಯಿಯನ್ನು ಹತ್ತಿರ ಕರೆದು ಕೈಯಲ್ಲಿ ಕೊಡಬಾರದು.

ಮಷಿನಿಗೆ ಹೊಂದುವ ತಿಂಡಿ ಎಂದರೆ ಉರುಟಾದ, ಒಣಗಿದ, 8ರಿಂದ 10 ಮಿಲಿಮೀಟರ್‌ನ ಕಿಬಲ್. ತುಂಬುವ ಮೊದಲು ಅಡುಗೆಮನೆಯ ಜರಡಿಯಲ್ಲಿ ಪುಡಿ ಜರಡಿ ಹಿಡಿಯಬೇಕು. ಕೋಳಿ ಲಿವರ್‌ನ ರುಚಿ ಬೇಕಿದ್ದರೆ ಬೇಯಿಸಿ, ಸಣ್ಣ ಚೌಕಗಳಾಗಿ ಕತ್ತರಿಸಿ, ಓವನ್‌ನಲ್ಲಿ 100 ಡಿಗ್ರಿಯಲ್ಲಿ ಹೊರಮೈ ಅಂಟದಷ್ಟು ಒಣಗಿಸಬೇಕು. ಅದನ್ನು ಹಿಂದಿನ ರಾತ್ರಿ ಕಿಬಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಬೆಳಿಗ್ಗೆ ಲಿವರ್ ಆರಿಸಿ ತೆಗೆದುಬಿಟ್ಟರೆ ವಾಸನೆ ಕಿಬಲ್‌ಗೆ ಹತ್ತಿರುತ್ತದೆ, ಮಷಿನಿಗೆ ತೊಂದರೆಯಿಲ್ಲ. ಅಭ್ಯಾಸಕ್ಕೆ ಹೋದ ಕಿಬಲ್ ಆ ದಿನದ ಊಟದಿಂದಲೇ ಕಳೆಯಬೇಕು. ದಿನಕ್ಕೆ 250 ಗ್ರಾಂ ತಿನ್ನುವ ನಾಯಿಗೆ 60 ಗ್ರಾಂ ತೆಗೆದಿಟ್ಟರೆ ಒಂದು ಬೆಳಿಗ್ಗೆಗೆ ಧಾರಾಳ. ಮೋಟರ್ ಸದ್ದು ಎಳೆದಂತೆ ನಿಧಾನವಾದರೆ ಅದು ಬ್ಯಾಟರಿ ಇಳಿದ ಸೂಚನೆ, ಜಾಮ್ ಎಂದುಕೊಂಡು ತಟ್ಟೆ ಬಿಚ್ಚುವ ಮೊದಲು ಬ್ಯಾಟರಿ ಬದಲಿಸಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸುವುದು ಬಟ್ಟಲಲ್ಲಿ ಉಳಿದ ಕಾಳು. ಮಷಿನ್ ಒಮ್ಮೆ ಒಂದು, ಒಮ್ಮೆ ಮೂರು ಉದುರಿಸುತ್ತದೆ. ನಾಯಿ ಅವಸರದಲ್ಲಿ ಎರಡು ತಿಂದು ಓಡಿಬಂದರೆ ಮೂರನೆಯದು ಅಲ್ಲೇ ಇರುತ್ತದೆ. ಮುಂದಿನ ಸಲ ಕಂಬ ತಪ್ಪಿಸಿ ಹೋದರೂ ಅದಕ್ಕೆ ಸಂಬಳ ಸಿಕ್ಕಿತು. ಅಂಥ ಒಂದು ಕಾಳು ಹತ್ತು ಸರಿಯಾದ ಬೀಪ್‌ಗಳನ್ನು ಅಳಿಸುತ್ತದೆ ಎಂದೇ ನನ್ನ ನಂಬಿಕೆ. ಪ್ರತಿಸಲ ಬಟ್ಟಲು ಖಾಲಿಯೇ ಎಂದು ನೋಡಿಯೇ ನಾಯಿಯನ್ನು ವಾಪಸ್ ತರಬೇಕು. ಬಿಟ್ಟರೆ ಕಾಗೆಗಳು ಬರುತ್ತವೆ. ನಮ್ಮ ಮೈದಾನದ ಕಾಗೆಗಳಿಗೂ ಬೀಪ್ ಅರ್ಥವಾಗಿದೆ, ಸದ್ದಾದೊಡನೆ ಬೇಲಿಯ ಕಂಬದಿಂದ ಒಂದು ಇಳಿದು ಮಷಿನಿನ ಹಿಂದೆ ಕುಪ್ಪಳಿಸುತ್ತಾ ಕಾಯುತ್ತದೆ. ಬೀಪ್ ಕಲಿತ ಬೇರೆ ನಾಯಿ ಮೈದಾನದಲ್ಲಿದ್ದರೆ ಅದನ್ನು ಕಟ್ಟಿಡಲೇಬೇಕು. ಒಂದು ಬಟ್ಟಲಿಗೆ ಎರಡು ನಾಯಿ ಬಂದರೆ ಜಗಳ ಖಂಡಿತ.

ನಾಯಿ ತಪ್ಪಿ ಖಾಲಿ ಬಟ್ಟಲಿಗೆ ಹೋದರೆ ಬೈಯುವ ಅಗತ್ಯವಿಲ್ಲ. ಏನೂ ಬೀಳದಿರುವುದೇ ಅದಕ್ಕೆ ಉತ್ತರ. ಸತತ ಎರಡು ಸಲ ತಪ್ಪಿದರೆ ಕಂಬ ಕಡಿಮೆ ಮಾಡಿ. ಹನ್ನೆರಡು ಕಂಬದ ಪೂರ್ಣ ಓಟ ಒಂದು ಬೆಳಿಗ್ಗೆಗೆ ಆರೆಂಟು ಸಾಕು, ಬೆನ್ನಿಗೂ ಭುಜಕ್ಕೂ ಬೀಳುವ ಹೊರೆ ಸಣ್ಣದಲ್ಲ. ಎಲುಬು ಬಲಿಯದ ಮರಿಗಳಿಗೆ ಈ ಅಭ್ಯಾಸ ಬೇಡವೇ ಬೇಡ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐಯ ನಿಯಮದಲ್ಲಿ ಸ್ಪರ್ಧೆಗೆ ನಾಯಿಗೆ 18 ತಿಂಗಳು ತುಂಬಿರಬೇಕು.

ಚುಕ್ಕಿ ಹನ್ನೆರಡೂ ಕಂಬ ಮುಗಿಸಿ ಮಷಿನಿಗೆ ಹೋದಾಗ ಹುಡುಗ ಸಾಲಿನಿಂದ ಮೂರು ಮೀಟರ್ ಎಡಕ್ಕೆ ಸರಿದಿದ್ದ. ಅವಳು ಅವನತ್ತ ತಿರುಗಲಿಲ್ಲ, ತಲೆ ತಗ್ಗಿಸಿ ನೇರ ಬಂದಳು. ಆ ಕ್ಷಣಕ್ಕೆ ನಿಲ್ಲಿಸಿ ನೀರು ಕೊಟ್ಟು ನೆರಳಿಗೆ ಕಳಿಸಿದೆವು.

ಬಿಡುವಿನ ನಂತರ ಸ್ಟಾರ್ಟ್ ಲೈನ್, ಅಂದರೆ ಓಡಿಸುವವರು ಮುಂದೆ ಹೋಗುವಾಗ ನಾಯಿ ಅಲುಗದೆ ಕೂತು ಕಾಯಬೇಕಾದ ಜಾಗ. ಹುಡುಗ ಎರಡು ಜಂಪ್ ಮುಂದೆ ನಡೆದು ಹೋಗುವಷ್ಟರಲ್ಲಿ ಚುಕ್ಕಿ ಕೂತಲ್ಲೇ ಪೃಷ್ಠ ತೆವಳಿಸಿ ಮುಂದೆ ಬರುತ್ತಿದ್ದಳು. ಇಲ್ಲಿ ಮಷಿನನ್ನು ಮುಂದೆ ಇಟ್ಟರೆ ತೆವಳುವುದು ಇನ್ನೂ ಹೆಚ್ಚುತ್ತದೆ. ನಾಯಿಯ ಹಿಂದೆ, ಒಂದೂವರೆ ಮೀಟರ್ ದೂರದಲ್ಲಿ ಇಡಬೇಕು. ಹುಡುಗ ಒಂದು ಹೆಜ್ಜೆ ಹೋದ, ಅವಳು ಅಲುಗಲಿಲ್ಲ, ಬೀಪ್, ಅವಳು ಹಿಂದೆ ತಿರುಗಿ ತಿಂದಳು. ಆಮೇಲೆ ಎರಡು ಹೆಜ್ಜೆ, ನಾಲ್ಕು, ನಡುನಡುವೆ ಮತ್ತೆ ಒಂದು. ಬಹುಮಾನ ಹಿಂದೆ ಬರುತ್ತದೆ ಎಂದಾದ ಮೇಲೆ ಅವಳ ಭಾರ ಹಿಂಗಾಲಿಗೆ ಹೋಯಿತು, ಮುಂಗಾಲು ಸಡಿಲವಾಯಿತು. ಕುಳಿತು ನೆಗೆಯಲು ಬೇಕಾದ ಭಂಗಿಯೂ ಅದೇ.

ಜಂಪ್‌ಗೆ ಮಷಿನ್ ಇಡುವಾಗ ಹತ್ತಿರ ಇಡಬೇಡಿ. ಇಳಿಯುವ ಜಾಗದಲ್ಲೇ ಬಟ್ಟಲಿದ್ದರೆ ನಾಯಿ ಗಾಳಿಯಲ್ಲೇ ತಲೆ ತಗ್ಗಿಸುತ್ತದೆ, ಹಿಂಗಾಲು ತಾಗಿ ಬಾರ್ ಬೀಳುತ್ತದೆ. ಚುಕ್ಕಿಯಷ್ಟು ಎತ್ತರದ ನಾಯಿಗೆ 5 ಮೀಟರ್‌ಗಿಂತ ಕಡಿಮೆ ಬೇಡ.

ಡಾಗ್ ವಾಕ್‌ನ (ಎರಡೂ ತುದಿಗೆ ಇಳಿಜಾರಿರುವ ಎತ್ತರದ ಕಿರಿದಾದ ಹಲಗೆಯ) ವಿಷಯದಲ್ಲಿ ಮಾತ್ರ ನನಗೆ ಮಷಿನಿನ ಮೇಲೆ ಪೂರ್ತಿ ಭರವಸೆಯಿಲ್ಲ. ಇಳಿಜಾರಿನ ಕೊನೆಯ 90 ಸೆಂಟಿಮೀಟರ್‌ನ ಬಣ್ಣದ ಭಾಗಕ್ಕೆ ಪಂಜ ತಾಗಲೇಬೇಕು. ಅದಕ್ಕಾಗಿ ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದಲ್ಲಿ ಇಟ್ಟು ನಿಲ್ಲುವುದನ್ನು ಕಲಿಸುತ್ತೇವೆ. ನಿಂತ ಮೇಲೆ ನಿಂತೇ ಇರಬೇಕು, ಆದರೆ ಬೀಪ್ 'ಹೋಗು' ಎನ್ನುತ್ತದೆ. ಅದಕ್ಕೆ ಮೊದಲ ಹಂತದಲ್ಲಿ ತಿಂಡಿಯನ್ನು ಮುಂಗಾಲುಗಳ ಮುಂದೆ ನೆಲದಲ್ಲೇ ಕೈಯಿಂದ ಇಡುವುದು ಲೇಸು. ನಿಲುವು ಗಟ್ಟಿಯಾಗಿ, ಬಿಡುಗಡೆಯ ಮಾತು ಕೇಳಿಯೇ ಹೊರಡುವಂತಾದ ಮೇಲೆ ಮುಂದೆ ಮಷಿನ್ ಇಟ್ಟರೆ ಇಳಿಯುವ ವೇಗ ಹೆಚ್ಚುತ್ತದೆ.

ಸ್ಪರ್ಧೆಯ ರಿಂಗಿನೊಳಗೆ ತಿಂಡಿಯೂ ಇಲ್ಲ, ಮಷಿನೂ ಇಲ್ಲ. ಆದ್ದರಿಂದ ಒಂದೇ ಜಾಗದಲ್ಲಿ ವಾರಗಟ್ಟಲೆ ಇಡುವುದು ಸರಿಯಲ್ಲ. ಕಂಬಗಳು ಗಟ್ಟಿಯಾದಂತೆ 4 ಮೀಟರನ್ನು 8 ಮಾಡಿ, ನಡುವೆ ಒಂದು ಜಂಪ್ ಸೇರಿಸಿ, ಆಮೇಲೆ ಟನಲ್. ಮುಂದೆ ಮಷಿನನ್ನು ಬೇಲಿಯ ಹೊರಗೆ, ಮರದ ಹಿಂದೆ ಇಟ್ಟು, ಕೊನೆಯ ಜಂಪ್ ಮುಗಿದ ಮೇಲೆ ನಾಯಿಯೂ ನಾವೂ ಒಟ್ಟಿಗೆ ಅಲ್ಲಿಗೆ ಓಡಬೇಕು. ನಡುನಡುವೆ ಖಾಲಿ ಮಷಿನನ್ನು ಮೈದಾನದಲ್ಲಿ ಸುಮ್ಮನೆ ಇಟ್ಟು, ಅದರ ಪಕ್ಕದಲ್ಲೇ ಓಡಿಸಿ, ಬಹುಮಾನವಾಗಿ ಹಗ್ಗದಾಟ ಆಡಿಸುವುದೂ ಬೇಕು.

ಈ ಮಷಿನ್ ದುಬಾರಿ, ಎಲ್ಲರೂ ಕೊಳ್ಳಬೇಕಿಲ್ಲ. ಮುಚ್ಚಳ ಬಿಗಿಯಾದ ಒಂದು ಸ್ಟೀಲ್ ಡಬ್ಬಿ, ಅದರ ಪಕ್ಕ ಅಲುಗದೆ ಕೂರಬಲ್ಲ ಒಬ್ಬರು ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಓಡಿಸುವವರು 'ಯೆಸ್' ಎನ್ನಬೇಕು, ಕೂತವರು ಆಗ ಮಾತ್ರ ಮುಚ್ಚಳ ತೆಗೆಯಬೇಕು. ಕೂತವರು ನಾಯಿಯನ್ನು ನೋಡಿ ನಗಬಾರದು, ಹೆಸರು ಹಿಡಿದು ಕರೆಯಬಾರದು. ಮನೆಯವರನ್ನು ಕೂರಿಸಿದರೆ ಇದನ್ನು ಪಾಲಿಸುವುದು ಕಷ್ಟ, ನಾಯಿಗೆ ಅಷ್ಟಾಗಿ ಪರಿಚಯವಿಲ್ಲದವರು ಉತ್ತಮ. ಅಭ್ಯಾಸ ಮುಗಿದ ಮೇಲೆ ಮಷಿನಿನಿಂದ ಉಳಿದ ಕಿಬಲ್ ಸುರಿದು, ತಟ್ಟೆ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿಯೇ ಜೋಡಿಸಿ. ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಒಳಗೆ ಕೆಂಪಿರುವೆ ತುಂಬಿರುತ್ತದೆ. ತಿನ್ನಲು ಬಗ್ಗಿದ ನಾಯಿಯ ಮೂಗಿಗೆ ಇರುವೆ ಕಚ್ಚಿದರೆ ಮತ್ತೆ ಕೋಣೆಯ ಆ ತುದಿಯಿಂದ, ಆಫ್ ಮಾಡಿದ ಮಷಿನಿನಿಂದಲೇ ಶುರುಮಾಡಬೇಕಾಗುತ್ತದೆ.