ಟ್ರಂಪೆಟ್ ವಾದಕನ ಕೈಗೆ ಬಂದ ಶಂಖ

ಮೈಸೂರಿನ ಬ್ಯಾಂಡ್ ಒಂದರಲ್ಲಿ ಬಹುಕಾಲದಿಂದ ಟ್ರಂಪೆಟ್ ನುಡಿಸುತ್ತಿರುವ ನನಗೆ, ಶಂಖವನ್ನೂ ಒಂದು ವಾದ್ಯವೆಂದೇ ಭಾವಿಸಿ ಊದಿ ನೋಡಬೇಕೆಂಬ ಆಸೆ ಹುಟ್ಟಿದ್ದು ಫ್ರಾನ್ಸಿನ ಮಾರ್ಸುಲಾ ಗುಹೆಯ ಶಂಖದ ಬಗ್ಗೆ ಓದಿದ ಮೇಲೆ. 1931ರಲ್ಲಿ ಅಲ್ಲಿ ಸಿಕ್ಕಿದ ಆ ದೊಡ್ಡ ಚಿಪ್ಪನ್ನು ಬಹಳ ವರ್ಷ ಕುಡಿಯುವ ಪಾತ್ರೆಯೆಂದೇ ತಿಳಿಯಲಾಗಿತ್ತು. ಅದರ ತುದಿಯನ್ನು ಮನುಷ್ಯರೇ ಬೇಕೆಂದು ಒಡೆದಿದ್ದಾರೆಂದು ಗುರುತಿಸಿದ ಸಂಶೋಧಕರು ಹಾರ್ನ್ ವಾದಕರೊಬ್ಬರಿಂದ ಅದನ್ನು ಊದಿಸಿ, ಪಾಶ್ಚಾತ್ಯ ಸಂಗೀತದ ಸಿ, ಸಿ ಶಾರ್ಪ್ ಮತ್ತು ಡಿ ಸ್ವರಗಳಿಗೆ ಹತ್ತಿರವಾದ ಮೂರು ನಾದಗಳನ್ನು ದಾಖಲಿಸಿ, 2021ರಲ್ಲಿ ಪ್ರಕಟಿಸಿದರು. ಸುಮಾರು 18,000 ವರ್ಷಗಳ ಹಿಂದಿನ ವಾದ್ಯವು ನನ್ನಂಥದೇ ಅಭ್ಯಾಸವಿರುವ ತುಟಿಗಳಿಗೆ ಓಗೊಟ್ಟಿತೆಂಬುದು ನನ್ನನ್ನು ಬಿಡದೆ ಕಾಡಿತು.

ಶ್ರಾವಣ ಶನಿವಾರದಂದು ಊರಿಗೆ ಹೋಗಿದ್ದಾಗ, ಮನೆಮನೆಗೆ ಶಂಖ ಜಾಗಟೆಯೊಡನೆ ಬರುವ ದಾಸಯ್ಯನವರಲ್ಲಿ ಈ ಆಸೆಯನ್ನು ಹೇಳಿಕೊಂಡೆ. ನನ್ನನ್ನು ಚಿಕ್ಕಂದಿನಿಂದ ಬಲ್ಲವರು ಅವರು. ಪೂಜೆ ಮಾಡಿದ ತಮ್ಮ ಶಂಖವನ್ನು ಮುಟ್ಟಗೊಡದೆ, ಹಿಂದೆಂದೋ ರಾಮೇಶ್ವರದಿಂದ ತಂದು ಮಾಡದಲ್ಲಿ ಇಟ್ಟಿದ್ದ ಇನ್ನೊಂದನ್ನು ಸಂಜೆ ತಂದುಕೊಟ್ಟರು. ಬಿಳಿಯದಾಗಿ, ದಪ್ಪವಾಗಿ, ಗಾತ್ರಕ್ಕೆ ಮೀರಿದ ತೂಕವಿದ್ದ ಆ ಶಂಖದ ತುದಿಯನ್ನು ಕತ್ತರಿಸಿ, ಅಂಚು ತುಟಿಗೆ ಚುಚ್ಚದಂತೆ ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ ನಯಗೊಳಿಸಿದ್ದರು.

ತುಟಿಗಳ ಕಂಪನದಿಂದ ಕೊಳವೆಯೊಳಗಿನ ಗಾಳಿಯನ್ನು ನುಡಿಸುವ ತತ್ತ್ವ ಟ್ರಂಪೆಟ್ಟಿಗೂ ಶಂಖಕ್ಕೂ ಒಂದೇ ಆದ್ದರಿಂದ ನಾದ ಹೊರಡಿಸುವುದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಉಸಿರು. ಟ್ರಂಪೆಟ್ಟಿನಲ್ಲಿ ತುಟಿಗಿಡುವ ಭಾಗವಾದ ಮೌತ್‌ಪೀಸಿನ ಬಟ್ಟಲಿನ ತಳದ ರಂಧ್ರ ನಾಲ್ಕು ಮಿಲಿಮೀಟರಿಗಿಂತ ಕಿರಿದಾಗಿದ್ದು, ಒಳಹೋಗುವ ಗಾಳಿಯನ್ನು ಅದೇ ತಡೆದು ನಿಲ್ಲಿಸುತ್ತದೆ. ವಾದಕ ಆ ತಡೆಗೆ ಒರಗಿಕೊಂಡೇ ಊದುವುದನ್ನು ರೂಢಿಸಿಕೊಂಡಿರುತ್ತಾನೆ. ಶಂಖದಲ್ಲಿ ಅಂಥ ಇಕ್ಕಟ್ಟಾದ ಕಂಠವೇ ಇಲ್ಲ. ರಂಧ್ರದಿಂದ ಒಳಹೊಕ್ಕ ಗಾಳಿ ಸುತ್ತುಸುತ್ತಾಗಿ ಅಗಲವಾಗುತ್ತ ಹೋಗುವ ಹಾದಿಯಲ್ಲಿ ಸರಾಗವಾಗಿ ಹೊರಬೀಳುವುದರಿಂದ, ಟ್ರಂಪೆಟ್ಟಿನಲ್ಲಿ ದೀರ್ಘವಾಗಿ ನಿಲ್ಲಿಸಬಲ್ಲ ಸ್ವರ ಇಲ್ಲಿ ಬಹಳ ಬೇಗ ಬರಿದಾಗುತ್ತಿತ್ತು. ಒತ್ತಡ ಹೆಚ್ಚಿಸಿದರೆ ನಾದ ಒಡೆಯುತ್ತಿತ್ತು. ದಾಸಯ್ಯನವರು ಸ್ವಲ್ಪ ಹೊತ್ತು ಕೇಳಿ, “ಜೋರು ಮಾಡಬ್ಯಾಡ ಮಗ, ತುಟಿ ಸಡ್ಲ ಬುಡು. ಅದು ಎಲ್ಲಿ ಕೂಗ್ತದೋ ಅಲ್ಲೇ ನಿಂತ್ಕೊ,” ಎಂದರು. ನಮ್ಮ ಬ್ಯಾಂಡಿನ ಮೇಷ್ಟರು ದೀರ್ಘ ಸ್ವರಗಳ ಅಭ್ಯಾಸದಲ್ಲಿ ಹೇಳಿಕೊಡುತ್ತಿದ್ದದ್ದೂ ಇದನ್ನೇ; ಆದರೆ ಶಂಖದಲ್ಲಿ ಅದನ್ನು ಪಾಲಿಸದೆ ಬೇರೆ ದಾರಿಯಿಲ್ಲ. ತುಟಿಯನ್ನು ಸಡಿಲಿಸಿ, ಕಂಪನವು ಚಿಪ್ಪಿನ ಸಹಜ ಶ್ರುತಿಗೆ ಕೂಡಿದ ಕೂಡಲೇ ಕಡಿಮೆ ಗಾಳಿಯಲ್ಲೇ ದೊಡ್ಡ ನಾದ ತುಂಬಿಕೊಂಡಿತು; ಹಿಡಿದ ಬೆರಳುಗಳಿಗೂ ಚಿಪ್ಪಿನ ಅದುರುವಿಕೆ ತಿಳಿಯುತ್ತಿತ್ತು.

ಮೊಬೈಲಿನ ಶ್ರುತಿಮಾಪಕ ಆ ನಾದವನ್ನು ಎಫ್ ಸ್ವರಕ್ಕೆ ತುಸು ಕೆಳಗೆಂದು ತೋರಿಸಿತು. ತುಟಿ ಬಿಗಿಮಾಡಿದಾಗ ಮೇಲಿನ ಷಡ್ಜದ ಹತ್ತಿರದ ಇನ್ನೊಂದು ಸ್ವರವೂ ಬಂದಿತು. ಇವೆರಡರ ನಡುವಿನ ಸ್ವರಗಳಿಗೆ ಇಲ್ಲಿ ಟ್ರಂಪೆಟ್ಟಿನಂತೆ ಬೆರಳಿನಿಂದ ಒತ್ತುವ ವಾಲ್ವುಗಳಿಲ್ಲ, ಇರುವುದು ಕೈಯೊಂದೇ. ಅಮೆರಿಕದ ಟ್ರೊಂಬೋನ್ ವಾದಕ ಸ್ಟೀವ್ ಟರ್ರೆ ಅಗಲ ಬಾಯಿಯ ಚಿಪ್ಪುಗಳೊಳಗೆ ಕೈಯಿಟ್ಟು, ಶ್ರುತಿಯನ್ನು ಇಳಿಸಿ ಏರಿಸಿ ಇಡೀ ಧಾಟಿಗಳನ್ನೇ ನುಡಿಸುತ್ತಾರೆ. ನಮ್ಮ ಶಂಖದ ಬಾಯಿ ಉದ್ದವಾಗಿ, ಕಿರಿದಾಗಿರುವುದರಿಂದ ಅಂಗೈ ಒಳಹೋಗದು. ಬೆರಳುಗಳನ್ನಷ್ಟೇ ತೂರಿಸಿದೆ, ಒಳಗಿನ ಕಂಬದ ಮೇಲಿನ ಏಣುಗಳು ತುದಿಬೆರಳಿಗೆ ತಾಕಿದವು. ಬಾಯಿಯನ್ನು ಮುಚ್ಚುತ್ತ ಹೋದಂತೆ ಸ್ವರ ಜಾರುತ್ತ ಇಳಿದು, ಸುಮಾರು ಒಂದು ಪೂರ್ಣ ಸ್ವರದಷ್ಟು ಕೆಳಗೆ ಮಂಕಾಗಿ ನಿಂತಿತು. ಆ ಜಾರಿನಲ್ಲಿ ಗಮಕಕ್ಕೆ ಬೇಕಾದ ಗುಣವಿದೆ ಎಂದು ನನಗೆ ಬಲವಾಗಿ ಅನ್ನಿಸಿತು.

ಇಷ್ಟೆಲ್ಲ ಇರುವ ವಾದ್ಯವನ್ನು ನಾವು ಮಂಗಳಾರತಿಯ ಸೂಚನೆಗೂ ಸಾವಿನ ಮನೆಯ ಮೆರವಣಿಗೆಗೂ ಸೀಮಿತಗೊಳಿಸಿ, ಅದರ ಶ್ರುತಿ ಯಾವುದೆಂದು ಕೇಳುವುದನ್ನೇ ಬಿಟ್ಟಿದ್ದೇವೆ. ಬೈಲುಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಜೋಡಿ ಶಂಖಗಳನ್ನು ಒಟ್ಟಿಗೆ ಊದುವಾಗ ಎರಡು ನಾದಗಳು ಒಂದರೊಳಗೊಂದು ಸೇರುವುದನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು. ತುದಿಯನ್ನು ಹೆಚ್ಚು ಕತ್ತರಿಸಿದಷ್ಟೂ ಒಳಗಿನ ಹಾದಿ ಮೋಟಾಗಿ ಶ್ರುತಿ ಏರುವುದರಿಂದ, ಬೇಕಾದ ಶ್ರುತಿಗೆ ಶಂಖವನ್ನು ಸಿದ್ಧಪಡಿಸುವುದು ಸಾಧ್ಯವೇ ಇದೆ. ಆದರೆ ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದ್ದರಿಂದ ಆ ಕೆಲಸಕ್ಕೆ ತಾಳ್ಮೆ ಬೇಕು.

ದಾಸಯ್ಯನವರು ಆ ಶಂಖವನ್ನು ಅಭ್ಯಾಸಕ್ಕೆಂದು ನನ್ನಲ್ಲೇ ಬಿಟ್ಟಿದ್ದಾರೆ. ಕೆಳಗಿನ ಸ್ವರ ಈಗ ಸ್ಥಿರವಾಗಿದೆ. ಮೇಲಿನದನ್ನು ಗಟ್ಟಿಯಾಗಿ ಹೊರಡಿಸಬಲ್ಲೆ. ಅದನ್ನು ಮೆಲ್ಲಗೆ ಆರಂಭಿಸುವ ಬಗೆಯನ್ನು ಸದ್ಯ ಅಭ್ಯಾಸ ಮಾಡುತ್ತಿದ್ದೇನೆ.