ಜೇಬಿಗೊಂದು ಪುಟ್ಟ ಮಲ್ಟಿಟೂಲ್: ಎರಡು ತಿಂಗಳ ದಿನಚರಿ

ದಿನ 1

ನಮ್ಮಜ್ಜನ ಉಡುದಾರದಲ್ಲಿ ಒಂದು ಸಣ್ಣ ಬಳೆ ನೇತಾಡುತ್ತಿತ್ತು. ಅದರಲ್ಲಿ ಮೂರು ಸಾಮಾನು: ಮುಳ್ಳು ಕೀಳುವ ಚಿಮಟ, ಚೂಪಾದ ಸೂಜಿ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ. ಅಡಿಕೆ ಸಂಚಿಯಲ್ಲಿ ಅಡಕೊತ್ತು ಬೇರೆ. ಹೊಲಕ್ಕೆ ಹೊರಟರೂ ಮದುವೆಗೆ ಹೊರಟರೂ ಅಷ್ಟೂ ಮೈಮೇಲೆ ಇರಲೇಬೇಕು. ತನಗೆ ಏನು ಬೇಕು ಅಂತ ಅಜ್ಜನಿಗೆ ಸರಿಯಾಗಿ ಗೊತ್ತಿತ್ತು. ನನ್ನ ಜೇಬಿಗೆ ಏನು ಬೇಕು ಅಂತ ನನಗೆ ಇನ್ನೂ ಗೊತ್ತಿಲ್ಲ. ಅದನ್ನು ಕಂಡುಕೊಳ್ಳಲಿಕ್ಕೇ ಈ ಬರವಣಿಗೆ.

ಮಲ್ಟಿಟೂಲ್ ಅಂದರೆ ಕತ್ತರಿ, ಅಲಗು, ಡ್ರೈವರ್ ಹೀಗೆ ಹಲವು ಸಾಮಾನು ಒಂದರಲ್ಲೇ ಮಡಚಿಕೊಳ್ಳುವ ಜೇಬಿನ ಟೂಲ್. ಹೋದ ವರ್ಷ ಒಂದು ಅಂಗಡಿಯಲ್ಲಿ ಹೆಸರೇ ಇಲ್ಲದ ಕಂಪನಿಯ, ಹನ್ನೊಂದು ಕೆಲಸದ ಅಂಥದ್ದೊಂದು ಕೊಂಡಿದ್ದೆ. ಮೂರನೇ ಸ್ಕ್ರೂ ಬಿಗಿಯುವಾಗಲೇ ಅದರ ತುದಿ ತಿರುಚಿಕೊಂಡಿತು. ತೂಕವಂತೂ ಪ್ಯಾಂಟ್ ಜೇಬನ್ನು ಕೆಳಕ್ಕೆ ಎಳೆಯುವಷ್ಟು. ಎರಡು ವಾರದಲ್ಲಿ ಅದು ಡ್ರಾಯರ್ ಸೇರಿತು. ಈ ಸಲ ಮೊದಲು ಲೆಕ್ಕ, ಆಮೇಲೆ ದುಡ್ಡು. ಮೂವತ್ತು ದಿನ ಜೇಬಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳುತ್ತೇನೆ. 'ಅಯ್ಯೋ, ಈಗ ಕೈಲಿ ಒಂದು ಕತ್ತರಿ ಇದ್ದಿದ್ದರೆ' ಅನ್ನಿಸಿದಾಗಲೆಲ್ಲ ಒಂದು ಗೀಟು.

ದಿನ 9

ಗೀಟುಗಳು ನಾನು ಅಂದುಕೊಂಡ ಕಡೆ ಬೀಳುತ್ತಿಲ್ಲ. ಇಕ್ಕಳ ಜಾಸ್ತಿ ಬೇಕಾಗುತ್ತದೆ ಅಂದುಕೊಂಡಿದ್ದೆ. ಒಂಬತ್ತು ದಿನದಲ್ಲಿ ಒಂದೇ ಸಲ. ಕತ್ತರಿ ಮಾತ್ರ ದಿನಾ ಬೇಕು. ನಂದಿನಿ ಹಾಲಿನ ಪ್ಯಾಕೆಟ್, ಅಂಗಿಯಿಂದ ಇಳಿಬಿದ್ದ ದಾರ, ಮಾತ್ರೆಯ ಪಟ್ಟಿ, ಹೂವಿನ ಮಾಲೆಯ ತುದಿ. (ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಆ ಚೂರು ಬೇರೆಯಾದರೆ ಕಸ ಆಯುವವರ ಕೈಗೂ ಸಿಗುವುದಿಲ್ಲ.)

ದಿನ 30

ಲೆಕ್ಕ ಮುಗಿಯಿತು. ಕತ್ತರಿ 26. ಪಾರ್ಸೆಲ್ ಡಬ್ಬಿ ಬಿಚ್ಚಲು ಅಲಗು 14. ನಕ್ಷತ್ರದ ತಲೆಯ ಸ್ಕ್ರೂಗೆ ಡ್ರೈವರ್ 9, ಅದರಲ್ಲಿ ಆರು ಸಲ ಮಗನ ಆಟಿಕೆಗಳ ಬ್ಯಾಟರಿ ಮುಚ್ಚಳಕ್ಕೆ. ಚಿಮಟ 4. ಇಕ್ಕಳ 2, ಎರಡು ಸಲವೂ ಮನೆಯಲ್ಲೇ, ಅಲ್ಲಿ ದೊಡ್ಡ ಇಕ್ಕಳ ಹೇಗೂ ಇದೆ. ಬಾಟಲಿ ಓಪನರ್ ಸೊನ್ನೆ.

ಇಕ್ಕಳ ಬಿಡುವುದಕ್ಕೆ ಮನಸ್ಸಿಗೆ ಕಷ್ಟವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಮಲ್ಟಿಟೂಲ್ ಅಂದರೆ ಇಕ್ಕಳವೇ ಅಂತ ನಮ್ಮ ತಲೆಯಲ್ಲಿ ಕೂರಿಸಿದ ಟಿಮ್ ಲೆದರ್‌ಮನ್ ಕಥೆ ನನಗೆ ಬಹಳ ಇಷ್ಟ. 1975ರಲ್ಲಿ ಅವರು ಹೆಂಡತಿಯ ಜೊತೆ ಒಂದು ಹಳೇ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಆಗಾಗ ಕೈಕೊಡುತ್ತಿತ್ತು. ಅಗ್ಗದ ಹೋಟೆಲುಗಳಲ್ಲಿ ನಲ್ಲಿ ಸೋರುತ್ತಿತ್ತು. ಜೇಬಲ್ಲಿ ಚಾಕು ಇತ್ತು, ಬೇಕಾಗಿದ್ದು ಇಕ್ಕಳ. ಊರಿಗೆ ಮರಳಿ ವರ್ಷಗಟ್ಟಲೆ ಒದ್ದಾಡಿ 1983ರಲ್ಲಿ ಮೊದಲ ಟೂಲ್ ಮಾರುಕಟ್ಟೆಗೆ ತಂದರು. ಅವರದು ರಿಪೇರಿಯ ದಾರಿ, ಹಾಗಾಗಿ ಅವರಿಗೆ ಇಕ್ಕಳ ಬೇಕಿತ್ತು. ನನ್ನ ದಿನ ಮನೆ, ಆಫೀಸು, ಬಸ್ಸಿನಲ್ಲಿ ಕಳೆಯುತ್ತದೆ. ನನ್ನ ಪುಸ್ತಕ ಕತ್ತರಿ ಅನ್ನುತ್ತಿದೆ.

ದಿನ 33

ನಾಲ್ಕು ಟೂಲ್‌ಗಳನ್ನು ಆರಿಸಿಕೊಂಡು ಕೂತೆ.

ಲೆದರ್‌ಮನ್ ಸ್ಕ್ವರ್ಟ್ ಪಿಎಸ್4 ಪುಟ್ಟ ಇಕ್ಕಳಗಳಲ್ಲಿ ನನಗೆ ಅತಿ ಮುದ್ದಾಗಿ ಕಂಡಿದ್ದು. ಆದರೆ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿದೆ. ಉಳಿದ ಸರಕಿಗೆ ಕೇಳುವ ಬೆಲೆ ನನಗೆ ಆಗದು.

ಅದೇ ಕಂಪನಿಯ ಮೈಕ್ರಾದಲ್ಲಿ ಇಕ್ಕಳದ ಜಾಗದಲ್ಲಿ ಕತ್ತರಿಯೇ ಇದೆ. ಹಿಡಿಕೆ ಬಿಚ್ಚಿದರೆ ಸ್ಪ್ರಿಂಗ್ ಇರುವ ಗಟ್ಟಿ ಕತ್ತರಿ. ಗೆಳೆಯನದನ್ನು ಕೇಳಿ ತಂದು ಎರಡು ದಿನ ಬಳಸಿದೆ. ಕತ್ತರಿಸುವುದರಲ್ಲಿ ನಾಲ್ಕರಲ್ಲೂ ಇದೇ ಮೇಲು, ಅನುಮಾನವಿಲ್ಲ. ತೂಕ ಸುಮಾರು 50 ಗ್ರಾಂ. ತೊಡಕು ಒಂದೇ. ಚಿಕ್ಕ ಅಲಗು ಬೇಕಾದರೂ ಮೊದಲು ಇಡೀ ಟೂಲ್ ಬಿಚ್ಚಬೇಕು. ಒಂದು ಕೈಯಲ್ಲಿ ಪಾರ್ಸೆಲ್ ಹಿಡಿದಿರುವಾಗ ಅದು ಕಿರಿಕಿರಿ.

ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿಯ ಕೆಡೆಟ್ 84 ಮಿ.ಮೀ. ಉದ್ದ, ತೆಳ್ಳಗೆ, ಅಲ್ಯುಮಿನಿಯಂ ಹೊದಿಕೆ. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಅದರಲ್ಲಿ ಕತ್ತರಿ ಇಲ್ಲ. ಅಲ್ಲಿಗೆ ಮುಗಿಯಿತು.

ಕೊನೆಯದು ಅದೇ ಕಂಪನಿಯ ರ್‍ಯಾಂಬ್ಲರ್. 58 ಮಿ.ಮೀ., ಸುಮಾರು 30 ಗ್ರಾಂ. ಎಲ್ಲರಿಗೂ ಗೊತ್ತಿರುವ ಪುಟ್ಟ ಕೆಂಪು ಕ್ಲಾಸಿಕ್‌ನಲ್ಲಿ ಅಲಗು, ಕತ್ತರಿ, ಉಗುರಿನ ಅರ, ಚಿಮಟ, ಹಲ್ಲುಕಡ್ಡಿ ಇವೆ. ರ್‍ಯಾಂಬ್ಲರ್‌ನಲ್ಲಿ ಅವುಗಳ ಜೊತೆ ಇನ್ನೊಂದು ಪದರ. ಅದರ ತುದಿಯೇ ಅಯಸ್ಕಾಂತ ಇರುವ ನಕ್ಷತ್ರ ಡ್ರೈವರ್. ಬಾಟಲಿ ಓಪನರ್ ಕೂಡ ಅದೇ ಪದರದಲ್ಲಿದೆ, ಇರಲಿ ಬಿಡಿ. ನನ್ನ ಪುಸ್ತಕದ ಮೊದಲ ನಾಲ್ಕು ಸಾಲೂ ಇದರಲ್ಲಿ ಸಿಕ್ಕವು.

ದಿನ 36

ರ್‍ಯಾಂಬ್ಲರ್ ಬಂತು. ಬಂದ ಕೂಡಲೇ ಪ್ರತಿ ಪದರ ಬಿಚ್ಚಿ ಮುಚ್ಚಿ ನೋಡಿದೆ. ನಕಲಿ ಮಾಲು ಬಹಳ ಓಡಾಡುತ್ತಿರುವುದರಿಂದ ಈ ಪರೀಕ್ಷೆ ಬೇಕು: ಪದರಗಳ ನಡುವೆ ಬೆಳಕು ಕಾಣಬಾರದು, ಅಲಗು ಅಕ್ಕಪಕ್ಕ ಅಲ್ಲಾಡಬಾರದು, ಮುಚ್ಚುವಾಗ ಟಕ್ ಅಂತ ಕೂರಬೇಕು. ಮೂರೂ ಸರಿಯಾಗಿದ್ದವು.

ದಿನ 44

ಮಗನ ಆಟದ ಕಾರು ಬಿಚ್ಚಿದೆವು. ಮುಚ್ಚಳದ ಸ್ಕ್ರೂ ಗುಳಿಯ ಒಳಗೆ ಕೂತಿತ್ತು, ಬೆರಳು ಹೋಗುವುದಿಲ್ಲ. ಡ್ರೈವರ್ ತುದಿಗೆ ಸ್ಕ್ರೂ ಅಂಟಿಕೊಂಡು ಮೇಲೆ ಬಂದಾಗ ಮಗ ಚಪ್ಪಾಳೆ ತಟ್ಟಿದ. ಒಂದು ಮಿತಿಯೂ ಗೊತ್ತಾಯಿತು. ಹಿಡಿಕೆ ಚಿಕ್ಕದು, ಬಲ ಸಿಗುವುದಿಲ್ಲ. ತುಕ್ಕು ಹಿಡಿದ ಸ್ಕ್ರೂ ಇದಕ್ಕೆ ಬಗ್ಗದು. ಸ್ವಿಚ್ ಬೋರ್ಡಿಗಂತೂ ಇದನ್ನು ಒಯ್ಯಬೇಡಿ. ಇದರ ಲೋಹಕ್ಕೆ ಕರೆಂಟ್ ತಡೆಯುವ ಹೊದಿಕೆ ಇಲ್ಲ.

ಅಲಗಿನ ಬಗ್ಗೆಯೂ ಒಂದು ಮಾತು. ಇದರಲ್ಲಿ ಲಾಕ್ ಇಲ್ಲ, ಸ್ಪ್ರಿಂಗ್ ಒತ್ತಡ ಮಾತ್ರ. ತುದಿಯಿಂದ ಚುಚ್ಚಿ ಒತ್ತಿದರೆ ಬೆರಳ ಮೇಲೆ ಮಡಚಿಕೊಳ್ಳಬಹುದು. ಎಳೆದು ಕೊಯ್ಯಬೇಕು, ತಳ್ಳಬಾರದು.

ದಿನ 52

ದೆಹಲಿಗೆ ವಿಮಾನ. ಕೈಚೀಲದಲ್ಲಿ ಚಾಕು ಬಿಡುವುದಿಲ್ಲ, ಎಷ್ಟೇ ಚಿಕ್ಕದಿರಲಿ. ಹಿಂದಿನ ರಾತ್ರಿಯೇ ಕೀಗೊಂಚಲಿನಿಂದ ಬಿಚ್ಚಿ ಚೆಕ್‌-ಇನ್ ಪೆಟ್ಟಿಗೆಗೆ ಹಾಕಿದೆ. ಬಾಗಿಲ ಹಿಂದೆ ಒಂದು ಚೀಟಿಯನ್ನೂ ಅಂಟಿಸಿದ್ದೇನೆ: 'ಕೀ ನೋಡು'.

ದಿನ 60

ಅಲಗು ಸ್ವಲ್ಪ ಮೊಂಡಾಗಿತ್ತು. ಈ ಸ್ಟೀಲ್ ಅಷ್ಟು ಗಡುಸಲ್ಲ, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಸಾಣೆಕಲ್ಲಿನ ಮೇಲೆ ಐದು ನಿಮಿಷ ಸಾಕಾಯಿತು. ಜೇಬಿನ ದೂಳು ಪದರಗಳಲ್ಲಿ ತುಂಬಿಕೊಂಡಿತ್ತು. ಬಿಸಿನೀರಲ್ಲಿ ಬಿಚ್ಚಿ ಮುಚ್ಚಿ ತೊಳೆದೆ, ಚೆನ್ನಾಗಿ ಒಣಗಿಸಿದೆ, ಕೀಲುಗಳಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ.

ಹಬ್ಬಕ್ಕೆ ಊರಿಗೆ ಬಂದಿದ್ದೇನೆ. ಸಂಜೆ ಅಪ್ಪನ ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕಿತ್ತು. ರ್‍ಯಾಂಬ್ಲರ್‌ನ ಚಿಮಟ ಹಿಡಿದು ಕೂತೆ. ಅದರ ಬಾಯಿ ಅಗಲ, ಮುರಿದ ತುದಿ ಸಿಗಲೇ ಇಲ್ಲ. ಅಪ್ಪ ಒಳಗೆ ಹೋಗಿ ಅಜ್ಜನ ಬಳೆ ತಂದರು. ಸೂಜಿಯಿಂದ ಚರ್ಮ ಸ್ವಲ್ಪ ಸರಿಸಿ, ಅಜ್ಜನ ಚಿಮಟದಲ್ಲಿ ಎಳೆದೆ. ಒಂದೇ ಏಟಿಗೆ ಬಂತು. ಬಳೆಯನ್ನು ನೀನೇ ಇಟ್ಟುಕೋ ಅಂದರು. ಕೀಗೊಂಚಲಿಗೆ ಸಿಕ್ಕಿಸಿಕೊಂಡಿದ್ದೇನೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, ಬರೀ 11 ಗ್ರಾಂ ಜಾಸ್ತಿಯಾಗಿದೆ.