ಅವನಿಗೆ ಹಿಮ, ನಮಗೆ ಗೋಡು

2021ರ ನವೆಂಬರ್ ಮಳೆಯನ್ನು ಕೋಲಾರದ ಕಡೆಯವರು ಮರೆತಿರಲಾರರು. ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆ ಒಡೆಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ಹೋಗಿ ಪೂಜೆ ಮಾಡಿ ಬಂದೆವು. ಮಾರನೇ ಬೆಳಿಗ್ಗೆ ನೋಡಿದರೆ ಕಾಲುವೆ ಒಡೆದು, ನಮ್ಮ ತೋಟದ ದಾರಿ ತುಂಬ ಗೋಡು, ಅಂದರೆ ನೀರು ತಂದು ಹಾಕಿದ ಅಂಟು ಕೆಸರು. ಸುಮಾರು 200 ಅಡಿ ಉದ್ದ, ಮೀನಖಂಡ ಮುಳುಗುವಷ್ಟು ಆಳ.

ಮನೆ ಇರುವುದು ಮಾವಿನ ತೋಟದೊಳಗೆ. ಬೆಳಿಗ್ಗೆ ಆರೂವರೆಗೆ ಡೈರಿಗೆ ಹಾಲು ಹಾಕಬೇಕು. ಬೈಕು ಹೋಗಲ್ಲ. ಎರಡು ದಿನ ಕ್ಯಾನು ಹೆಗಲ ಮೇಲೆ ಹೊತ್ತು ಕೆಸರಲ್ಲಿ ನಡೆದೆ. ಮೂರನೇ ದಿನ ಜಾರಿ ಬಿದ್ದು ಎಂಟು ಲೀಟರ್ ಹಾಲು ಗೋಡಿನ ಪಾಲಾಯಿತು. ಜೆಸಿಬಿಗಳೆಲ್ಲ ಒಡೆದ ಕಟ್ಟೆ, ಮೋರಿ ಅಂತ ಓಡಾಡುತ್ತಿದ್ದವು, ನಮ್ಮ ದಾರಿಗೆ ಯಾರು ಬರುತ್ತಾರೆ? ಇದ್ದದ್ದು ಮಾವಿನ ಮರದ ಕೆಳಗೆ ನುಸುಳುವ ನನ್ನ 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಒಂದೇ.

ಅವತ್ತು ರಾತ್ರಿ ಎಂಟಕ್ಕೆ ಅಕ್ಕನ ಮಗ ಅಮೆರಿಕದ ಮಿನ್ನೆಸೋಟಾದಿಂದ ವಿಡಿಯೋ ಕಾಲ್ ಮಾಡಿದ. ಅವನಿಗೆ ಬೆಳಿಗ್ಗೆ ಎಂಟೂವರೆ. ಗ್ಯಾರೇಜಿನಲ್ಲಿ ಒಂದು ಪುಟ್ಟ ಟ್ರ್ಯಾಕ್ಟರಿನ ಪಕ್ಕ ಮಂಡಿಯೂರಿ ಕೂತಿದ್ದ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಗಾಡಿ ಅದು. ಚಳಿಗಾಲಕ್ಕೆ ಹೊಟ್ಟೆಯ ಕೆಳಗಿನ ಕಟರ್ ಬಿಚ್ಚಿ, ಮುಂದುಗಡೆ ಹಿಮ ತಳ್ಳುವ ಬ್ಲೇಡು ಹಾಕುತ್ತಾರಂತೆ.

“ಈಗಲೇ ರೆಡಿ ಮಾಡ್ಕೋಬೇಕು ಮಾವ. ಹಿಮ ಬಿದ್ದ ಮೇಲೆ ನಟ್ಟು ತಿರುಗಿಸೋಕೆ ಬೆರಳೇ ಬಗ್ಗಲ್ಲ” ಅಂದ.

ನನ್ನ ದಾರಿಯ ಕಥೆ ಹೇಳಿದೆ. ಅವನು ನಗಲಿಲ್ಲ. “ಹಾಗಾದ್ರೆ ಇಬ್ಬರದೂ ಒಂದೇ ಕೆಲಸ” ಅಂದ. ಹಿಮ ಎಲ್ಲಿ, ಗೋಡು ಎಲ್ಲಿ ಅಂತ ನನಗನ್ನಿಸಿತು. ಆದರೂ ಕೇಳಿಸಿಕೊಂಡೆ.

ಬ್ಲೇಡಿಗೆ ಕಬ್ಬಿಣ ಹುಡುಕುವುದು ಕಷ್ಟವಾಗಲಿಲ್ಲ. 1,200 ಅಡಿ ಕೊರೆಸಿ ಬರೀ ಧೂಳು ಕಂಡ ಕೊಳವೆಬಾವಿಯ ಕೇಸಿಂಗ್ ಪೈಪು ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿತ್ತು. ವೆಲ್ಡಿಂಗ್ ಅಂಗಡಿಯ ಭಾಯ್ ಅದನ್ನು ಐದು ಅಡಿಗೆ ಕತ್ತರಿಸಿ, ಉದ್ದಕ್ಕೆ ಸೀಳಿ, ಮೇಲೆ ಒಂದು ತಗಡು ಕೂರಿಸಿದ. ಕಲ್ಟಿವೇಟರ್ ಸಿಕ್ಕಿಸುವ ಮೂರು ಪಾಯಿಂಟಿಗೇ ಹಿಂದೆ ಸಿಕ್ಕಿಸಿದೆವು. “ಏನ್ ಗೌಡ್ರೇ, ನೀರು ಕೊಡದ ಬೋರು ಈಗ ನೀರಿನ ಕೆಸರು ಬಳಿಯುತ್ತೆ” ಅಂತ ಅವನು ನಕ್ಕ. ನನಗೆ ಆ ಬೋರಿನ ಸಾಲ ನೆನಪಾಯಿತು.

ಮೊದಲ ಸುತ್ತಿಗೇ ಗೊತ್ತಾಯಿತು, ತೊಂದರೆ ಬ್ಲೇಡಿನದಲ್ಲ. ಇಂಜಿನ್ ಆರಾಮಾಗಿ ಗುಡುಗುಡು ಅನ್ನುತ್ತಿದೆ, ಚಕ್ರ ನಿಂತಲ್ಲೇ ತಿರುಗುತ್ತಿದೆ. ಆಕ್ಸಿಲರೇಟರ್ ಕೊಟ್ಟಷ್ಟೂ ಕೆಳಗೆ ಇಳಿಯುತ್ತಿದೆ. ಇನ್ನೊಂದು ಕಷ್ಟವೂ ಇತ್ತು. ಅವನ ಬ್ಲೇಡು ಮುಂದಿದೆ, ಹಿಮ ಸರಿದ ನೆಲದ ಮೇಲೆ ಚಕ್ರ ಬರುತ್ತೆ. ನನ್ನದು ಹಿಂದಿದೆ, ಚಕ್ರವೇ ಮೊದಲು ಗೋಡಿಗೆ ಇಳಿಯಬೇಕು.

ರಾತ್ರಿ ಮತ್ತೆ ಫೋನು. “ಎಚ್‌ಪಿ ಬಿಡಿ ಮಾವ, ಹಿಂದಿನ ಚಕ್ರದ ಮೇಲೆ ತೂಕ ಎಷ್ಟಿದೆ ಹೇಳಿ. ತೂಕ ಬಿದ್ದರೇ ಚಕ್ರ ನೆಲ ಕಚ್ಚೋದು” ಅಂದ. ಅವನ ಚಕ್ರಗಳಿಗೆ 23 ಕಿಲೋದಷ್ಟು ಎರಕದ ಕಬ್ಬಿಣದ ಬಿಲ್ಲೆ ಹಾಕಿದ್ದಾನೆ. ಕೆಲವರು ಟೈರಿನೊಳಗೇ ದ್ರವ ತುಂಬುತ್ತಾರಂತೆ. ಅಲ್ಲಿ ಬರೀ ನೀರು ತುಂಬಿದರೆ ಹೆಪ್ಪುಗಟ್ಟುತ್ತೆ. ಹಾಗಾಗಿ ಕ್ಯಾಲ್ಸಿಯಂ ಕ್ಲೋರೈಡ್ ಕಲಸಿದ ನೀರು, ಇಲ್ಲವೇ ಬೀಟ್‌ರೂಟ್ ಜಾತಿಯ ಸಕ್ಕರೆ ಗಡ್ಡೆಯ ರಸ! ಟೈರಿಗೆ ಗಡ್ಡೆ ರಸ ಕುಡಿಸುವ ದೇಶ. ನಮಗೆ ಆ ಚಿಂತೆ ಇಲ್ಲ, ಬೋರಿನ ನೀರೇ ಸಾಕು. ಜಾಕ್ ಕೊಟ್ಟು ಚಕ್ರ ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ಒಳಗಿನ ಪಿನ್ನು ತೆಗೆದು, ವಾಲ್ವಿನ ಮಟ್ಟಕ್ಕೆ ಬರುವವರೆಗೆ ನೀರು ಬಿಡಬೇಕು. ಅಲ್ಲಿಗೆ ಮುಕ್ಕಾಲು ಭಾಗ ತುಂಬಿದ ಲೆಕ್ಕ. ಉಳಿದ ಜಾಗ ಗಾಳಿಗೆ. ಗಾಳಿ ಬಿಟ್ಟುಕೊಡಲು ನಡುನಡುವೆ ನಿಲ್ಲಿಸುತ್ತ ತುಂಬುವಷ್ಟರಲ್ಲಿ ಮಧ್ಯಾಹ್ನವೇ ಆಯಿತು.

ಸರಪಳಿಯನ್ನೂ ಹೇಳಿದ್ದ. ಅವನದು ಟೈರಿಗೆಂದೇ ಮಾಡಿದ ಏಣಿಯಂಥ ಸರಪಳಿ. ನಾನು ಬುದ್ಧಿವಂತ, ದನ ಕಟ್ಟುವ ಸರಪಳಿಯನ್ನೇ ಸುತ್ತಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಅದು ಸಡಿಲವಾಗಿ ಆಕ್ಸಲ್‌ಗೆ ಸುತ್ತಿಕೊಂಡಿತು. ಕೆಸರಲ್ಲಿ ಮಲಗಿ ಬಿಡಿಸಬೇಕಾಯಿತು. ಅಂಗಡಿಯ ಸರಪಳಿಯನ್ನೂ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕಂತೆ. ಅದನ್ನು ಆಮೇಲೆ ಹೇಳಿದ. ಕೊನೆಗೆ ಕೆರೆ ಕೆಳಗೆ ಭತ್ತ ಹಾಕುವ ನಮ್ಮ ಷಡ್ಡಕನ ಕೇಜ್ ವೀಲ್, ಅಂದರೆ ಕೆಸರು ಗದ್ದೆಗೆ ಹಾಕುವ ಪಂಜರದಂಥ ಕಬ್ಬಿಣದ ಚಕ್ರ, ತಂದು ಹಾಕಿದೆ. ಟಾರು ರಸ್ತೆಯನ್ನು ಕಿತ್ತುಹಾಕುತ್ತೆ ಅದು, ಆದರೆ ನಮ್ಮದು ಮಣ್ಣು ದಾರಿ.

ಆಮೇಲೆ ಗಾಡಿ ಎಳೆಯಿತು ನೋಡಿ! ಎಷ್ಟು ಎಳೆಯಿತೆಂದರೆ ಗೋಡಿನ ಜೊತೆ ದಾರಿಗೆ ಹಾಕಿದ್ದ ಜಲ್ಲಿಯನ್ನೂ ಬಳಿದುಕೊಂಡು ಬಂತು. ಅಮೆರಿಕದಲ್ಲಿ ಜಲ್ಲಿ ದಾರಿ ಇದ್ದವರು ಬ್ಲೇಡಿನ ಎರಡು ತುದಿಗೂ ಚಪ್ಪಲಿಯಂಥ ತುಂಡು ಹಾಕಿ, ನೆಲದಿಂದ ಒಂದಿಂಚು ಎತ್ತಿ ಇಟ್ಟುಕೊಳ್ಳುತ್ತಾರೆ. ಭಾಯ್ ಹಳೇ ಲಾರಿಯ ಕಮಾನು ಪಟ್ಟಿಯಲ್ಲಿ ಅದನ್ನೂ ಮಾಡಿಕೊಟ್ಟ. ಗೋಡು ಅಂಟದಂತೆ ಬ್ಲೇಡಿಗೆ ಹೊಂಗೆ ಎಣ್ಣೆ ಸವರಿದೆ. ಅಕ್ಕನ ಮಗ ಮೇಣ ಹಚ್ಚುತ್ತಾನಂತೆ. ನಿಜ ಹೇಳಬೇಕೆಂದರೆ, ಹೊಂಗೆ ಎಣ್ಣೆಯಿಂದ ಅಷ್ಟೇನೂ ಉಪಯೋಗವಾಗಲಿಲ್ಲ. ನಮ್ಮ ಗೋಡು ಬೇರೆ ಜಾತಿ.

ಅವನ ಒಂದು ಮಾತು ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬಂತು. “ಮೊದಲ ಸಲದ ರಾಶಿಯನ್ನ ಎಷ್ಟು ದೂರಕ್ಕಾಗುತ್ತೋ ಅಷ್ಟು ದೂರ ಹಾಕಿ. ಇನ್ನೂ ಬೀಳುತ್ತೆ, ಆಗ ಜಾಗ ಬೇಕು.” ಹಾಗೇ ಮಾಡಿದೆ. ಮತ್ತೆ ಮಳೆ ಬಂತು, ಮತ್ತೆ ಗೋಡು ಬಂತು. ಆದರೆ ಹಾಲು ಡೈರಿಗೆ ಬೈಕಿನಲ್ಲೇ ಹೋಯಿತು.

ಡಿಸೆಂಬರಿನಲ್ಲಿ ಅವನು ವಿಡಿಯೋ ಕಳಿಸಿದ. ಹಿಮದ ಮಧ್ಯೆ ಅವನ ಟ್ರ್ಯಾಕ್ಟರ್ ಭುಸುಭುಸು ಅನ್ನುತ್ತ ಹೋಗುತ್ತಿದೆ. ಅಕ್ಕ ನೋಡಿ, “ಟೋಪಿ ಹಾಕ್ಕೊಂಡಿದಾನಾ ನೋಡು” ಅಂದಳು. ನಾನು ಚಕ್ರ ನೋಡುತ್ತಿದ್ದೆ. ಒಂದೇ ಒಂದು ಸಲವೂ ಜಾರಲಿಲ್ಲ.

ನನ್ನ ಬ್ಲೇಡು ಈಗ ಹಲಸಿನ ಮರಕ್ಕೆ ಒರಗಿದೆ. ಅದರ ಮೇಲೆ ಕೋಳಿಗಳು ಕೂರುತ್ತವೆ. ಟೈರಿನ ನೀರು ಮಾತ್ರ ಇನ್ನೂ ಇಳಿಸಿಲ್ಲ. ಆ ತೂಕಕ್ಕೆ ಮರದ ಬುಡದ ಮಣ್ಣು ಗಟ್ಟಿಯಾಗುತ್ತೆ, ಇಳಿಸಬೇಕು.